ಹೆಸರು ಒಂದೇ, ಅರ್ಥ ಬೇರೆ: ಲಿಸ್ಪ್ ಕೋಡನ್ನು ಎಐ ಕೈಗೆ ಕೊಡುವ ಮುನ್ನ

ಮಾನ್ಯ ಸಂಪಾದಕರೇ,

ಹಳೆಯ ಸಾಫ್ಟ್‌ವೇರನ್ನು ಎಐ ನೆರವಿನಿಂದ ಹೊಸ ಭಾಷೆಗೆ ತರುವ ಬಗ್ಗೆ ಪತ್ರಿಕೆಗಳ ತಂತ್ರಜ್ಞಾನ ಪುಟಗಳಲ್ಲಿ ಆಗಾಗ ಓದುತ್ತೇವೆ. ಅಲ್ಲಿ ಬರುವುದು ಹೆಚ್ಚಾಗಿ ಕೋಬಾಲ್, ಸಿ, ಜಾವಾಗಳ ಮಾತು. ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳ ಕುಟುಂಬದ ಹೆಸರು ಬಂದರೂ ‘ಅವೆಲ್ಲ ಒಂದೇ ಥರ ಇವೆಯಲ್ಲ, ಅಲ್ಲಿ ಕೆಲಸ ಸುಲಭ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಈ ಭಾಷೆಗಳಲ್ಲಿ ದಿನವೂ ಕೋಡ್ ಓದಿ ಬರೆಯುವ ನಮಗೆ ಆ ಮಾತು ತಲೆಕೆಳಗಾಗಿ ಕಾಣುತ್ತದೆ. ಒಂದೇ ಥರ ಕಾಣುವುದೇ ಇಲ್ಲಿನ ಅಪಾಯ. ಕೋಬಾಲ್‌ನಿಂದ ಜಾವಾಕ್ಕೆ ಹೋಗುವಾಗ ಪ್ರತಿ ಸಾಲೂ ಬದಲಾಗುವುದರಿಂದ ಪರಿಶೀಲಿಸುವವರು ಪ್ರತಿ ಸಾಲನ್ನೂ ಅನುಮಾನದಿಂದಲೇ ನೋಡುತ್ತಾರೆ. ಕಾಮನ್ ಲಿಸ್ಪ್‌ನಿಂದ ಸ್ಕೀಮ್‌ಗೋ ಕ್ಲೋಜರ್‌ಗೋ ಹೋದಾಗ, ಅಂದರೆ ಕುಟುಂಬದ ಒಳಗೇ ಒಂದರಿಂದ ಇನ್ನೊಂದಕ್ಕೆ ಹೋದಾಗ, ಎಷ್ಟೋ ಸಾಲುಗಳು ಇದ್ದ ಹಾಗೇ ಉಳಿಯುತ್ತವೆ. ಆ ಸಾಲುಗಳ ಮೇಲೆ ಎಐ ಕೈ ಆಡಿಸುವುದಿಲ್ಲ, ಮನುಷ್ಯರ ಕಣ್ಣೂ ನಿಲ್ಲುವುದಿಲ್ಲ. ತಪ್ಪುಗಳು ಅಡಗಿ ಕೂರುವುದು ಅಲ್ಲೇ.

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇವೆ. ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ಲಿಸ್ಪ್ ರೂಪಿಸಲು ಶುರುಮಾಡಿದರು. 1975ರಲ್ಲಿ ಅಲ್ಲೇ ಗೈ ಸ್ಟೀಲ್ ಮತ್ತು ಜೆರಾಲ್ಡ್ ಸಸ್‌ಮನ್ ಸ್ಕೀಮ್ ಕಟ್ಟಿದರು. ಕವಲೊಡೆದಿದ್ದ ಹಲವು ಲಿಸ್ಪ್‌ಗಳನ್ನು ಒಂದು ದಾರಿಗೆ ತಂದ ಕಾಮನ್ ಲಿಸ್ಪ್‌ಗೆ 1994ರಲ್ಲಿ ಅಮೆರಿಕದ ಆನ್ಸಿ ಸಂಸ್ಥೆಯ ಮಾನಕ ಸಿಕ್ಕಿತು. 2007ರಲ್ಲಿ ರಿಚ್ ಹಿಕಿ ಜಾವಾ ಯಂತ್ರದ ಮೇಲೆ ಓಡುವ ಕ್ಲೋಜರ್ ಹೊರತಂದರು. ಇಮ್ಯಾಕ್ಸ್ ಎಡಿಟರಿನ ಒಳಗೆ ಒಂದು ಲಿಸ್ಪ್, ಆಟೋಕ್ಯಾಡ್ ಒಳಗೆ ಇನ್ನೊಂದು ಲಿಸ್ಪ್ ದಶಕಗಳಿಂದ ಬದುಕಿವೆ. ಎಲ್ಲಕ್ಕೂ ಹೊರಮೈ ಒಂದೇ: ಆವರಣ ತೆರೆ, ಮೊದಲು ಕೆಲಸದ ಹೆಸರು, ನಂತರ ಅದಕ್ಕೆ ಬೇಕಾದ ಸಾಮಗ್ರಿ, ಆವರಣ ಮುಚ್ಚು. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ.

ಮೊದಲು ‘ಖಾಲಿ ಪಟ್ಟಿ’ಯನ್ನೇ ತೆಗೆದುಕೊಳ್ಳಿ. ಕಾಮನ್ ಲಿಸ್ಪ್‌ನಲ್ಲಿ ‘ನಿಲ್’ ಎಂದರೆ ಖಾಲಿ ಪಟ್ಟಿಯೂ ಹೌದು, ‘ಸುಳ್ಳು’ ಎಂಬ ತಾರ್ಕಿಕ ಬೆಲೆಯೂ ಹೌದು. ಸ್ಕೀಮ್‌ನಲ್ಲಿ ಸುಳ್ಳಿಗೆ ಬೇರೆಯೇ ಗುರುತಿದೆ, ಖಾಲಿ ಪಟ್ಟಿ ಅಲ್ಲಿ ‘ನಿಜ’. ಕ್ಲೋಜರ್‌ನಲ್ಲಿ ‘ನಿಲ್’ ಸುಳ್ಳು, ಆದರೆ ಖಾಲಿ ಪಟ್ಟಿ ನಿಜ. ಈಗ ಪಟ್ಟಿಯ ಉದ್ದ ಎಣಿಸುವ ಪುಟ್ಟ ಫಂಕ್ಷನ್ ನೋಡಿ. ಕಾಮನ್ ಲಿಸ್ಪ್‌ನಲ್ಲಿ ಅದು ಹೇಳುವುದಿಷ್ಟು: ಪಟ್ಟಿ ‘ನಿಜ’ವಾಗಿದ್ದರೆ, ಅದರ ಉಳಿದ ಭಾಗದ ಉದ್ದಕ್ಕೆ 1 ಕೂಡಿಸು, ಇಲ್ಲದಿದ್ದರೆ 0. ಎಐ ಇದನ್ನು ಕ್ಲೋಜರ್‌ಗೆ ತರುವಾಗ ‘ಉಳಿದ ಭಾಗ’ಕ್ಕೆ ಸಹಜವಾಗಿ ‘ರೆಸ್ಟ್’ ಎಂದು ಬರೆಯುತ್ತದೆ. ‘ರೆಸ್ಟ್’ ಎಂದೂ ‘ನಿಲ್’ ಕೊಡುವುದಿಲ್ಲ, ಪಟ್ಟಿ ಮುಗಿದರೂ ಖಾಲಿ ಪಟ್ಟಿಯನ್ನೇ ಕೊಡುತ್ತದೆ. ಖಾಲಿ ಪಟ್ಟಿ ಅಲ್ಲಿ ‘ನಿಜ’ವಾದ್ದರಿಂದ ಫಂಕ್ಷನ್ ತನ್ನನ್ನು ತಾನು ಕರೆಯುತ್ತಲೇ ಹೋಗಿ ಸ್ಟ್ಯಾಕ್ (ಕರೆಗಳ ಲೆಕ್ಕ ಇಡುವ ಮೆಮೊರಿ) ತುಂಬಿ ನಿಲ್ಲುತ್ತದೆ. ಇದು ಸದ್ದು ಮಾಡುವ ತಪ್ಪು, ಸಿಕ್ಕಿಬೀಳುತ್ತದೆ.

ಕೆಟ್ಟದ್ದು ಮುಂದಿನ ಹೆಜ್ಜೆಯಲ್ಲಿದೆ. ದೋಷದ ಸಂದೇಶವನ್ನು ಎಐಗೆ ಹಿಂತಿರುಗಿಸಿದರೆ ಅದು ‘ರೆಸ್ಟ್’ ತೆಗೆದು ‘ನೆಕ್ಸ್ಟ್’ ಹಾಕಿಕೊಡಬಹುದು. ಪಟ್ಟಿ ಮುಗಿದಾಗ ‘ನೆಕ್ಸ್ಟ್’ ‘ನಿಲ್’ ಕೊಡುತ್ತದೆ, ಹಾಗಾಗಿ ಮೂರು ಅಂಶಗಳ ಪಟ್ಟಿಗೆ ಉತ್ತರ 3, ಒಂದು ಅಂಶಕ್ಕೆ 1. ಎಲ್ಲ ಸರಿಯಾಯಿತು ಎನಿಸುತ್ತದೆ. ಆದರೆ ಖಾಲಿ ಪಟ್ಟಿಯನ್ನೇ ಕೊಟ್ಟು ನೋಡಿ: ಅದು ‘ನಿಜ’ವಾದ್ದರಿಂದ ಮೊದಲ ದಾರಿಗೆ ಹೋಗುತ್ತದೆ, ‘ನೆಕ್ಸ್ಟ್’ ‘ನಿಲ್’ ಕೊಟ್ಟು 0 ಬರುತ್ತದೆ, ಅದಕ್ಕೆ 1 ಕೂಡಿ ಖಾಲಿ ಪಟ್ಟಿಯ ಉದ್ದ 1 ಎಂದು ಉತ್ತರ ಬರುತ್ತದೆ. ದೋಷ ಸಂದೇಶ ಇಲ್ಲ, ಎಚ್ಚರಿಕೆ ಇಲ್ಲ. ಸರಿಯಾದ ತಿದ್ದುಪಡಿ ಎಂದರೆ ಷರತ್ತಿನಲ್ಲಿ ಪಟ್ಟಿಯನ್ನು ನೇರವಾಗಿ ಕೇಳದೆ ‘ಸೀಕ್’ ಎಂಬ ಫಂಕ್ಷನ್ ಮೂಲಕ ಕೇಳುವುದು; ಪಟ್ಟಿ ಖಾಲಿಯಿದ್ದರೆ ಅದು ‘ನಿಲ್’ ಕೊಡುತ್ತದೆ. ಸದ್ದು ಮಾಡುವ ತಪ್ಪನ್ನು ಸದ್ದಿಲ್ಲದ ತಪ್ಪಾಗಿ ಬದಲಿಸುವ ಇಂಥ ತಿದ್ದುಪಡಿಯೇ ಎಐ ಅನುವಾದದಲ್ಲಿ ನಮ್ಮನ್ನು ಹೆಚ್ಚು ಕಾಡುವಂಥದ್ದು.

ಇದೇ ಬೇರಿನಿಂದ ಇನ್ನೂ ಕೆಲವು ಹುಟ್ಟುತ್ತವೆ. ಕಾಮನ್ ಲಿಸ್ಪ್‌ನಲ್ಲಿ ಖಾಲಿ ಪಟ್ಟಿಯ ‘ಕಾರ್’ (ಮೊದಲ ಅಂಶ) ಕೇಳಿದರೆ ‘ನಿಲ್’ ಸಿಗುತ್ತದೆ, ಸ್ಕೀಮ್‌ನಲ್ಲಿ ದೋಷ. ಜೋಡಿಗಳ ಪಟ್ಟಿಯಲ್ಲಿ ಕೀಲಿ ಹುಡುಕಿ, ಸಿಕ್ಕ ಜೋಡಿಯ ‘ಕಡರ್’ (ಎರಡನೆಯ ಭಾಗ) ತೆಗೆಯುವ ಸಾಲು ಹಳೆಯ ಕೋಡಿನ ತುಂಬ ಇರುತ್ತದೆ. ಕೀಲಿ ಸಿಗದಿದ್ದಾಗ ಕಾಮನ್ ಲಿಸ್ಪ್‌ನಲ್ಲಿ ಆ ಸಾಲು ಶಾಂತವಾಗಿ ‘ನಿಲ್’ ಕೊಡುತ್ತದೆ. ಸ್ಕೀಮ್‌ನಲ್ಲಿ ಹುಡುಕಾಟ ಸುಳ್ಳನ್ನು ಹಿಂತಿರುಗಿಸುತ್ತದೆ, ಸುಳ್ಳಿನ ‘ಕಡರ್’ ತೆಗೆಯಲು ಹೋಗಿ ಕಾರ್ಯಕ್ರಮ ಬೀಳುತ್ತದೆ. ಪರೀಕ್ಷೆಯಲ್ಲಿ ಎಲ್ಲ ಕೀಲಿಗಳೂ ಇದ್ದರೆ ಇದು ಹೊರಗೆ ಬರುವುದೇ ಇಲ್ಲ.

ಎರಡನೆಯ ದೊಡ್ಡ ಗುಂಪು ಹೋಲಿಕೆಯದು. ಪಟ್ಟಿಯಲ್ಲಿ ಒಂದು ಅಂಶವಿದೆಯೇ ಎಂದು ಹುಡುಕುವ ‘ಮೆಂಬರ್’ ಎಂಬ ಫಂಕ್ಷನ್ ಕಾಮನ್ ಲಿಸ್ಪ್, ಸ್ಕೀಮ್, ಇಮ್ಯಾಕ್ಸ್ ಲಿಸ್ಪ್ ಮೂರರಲ್ಲೂ ಇದೆ, ಒಳಕೊಡುವ ಕ್ರಮವೂ ಒಂದೇ. ಆದರೆ ಕಾಮನ್ ಲಿಸ್ಪ್‌ನ ‘ಮೆಂಬರ್’ ಏನೂ ಹೇಳದಿದ್ದರೆ ‘ಈಕ್ಯುಎಲ್’ನಿಂದ ಹೋಲಿಸುತ್ತದೆ; ಅಂದರೆ ಒಂದೇ ಅಕ್ಷರಗಳಿರುವ ಎರಡು ಪ್ರತ್ಯೇಕ ಸ್ಟ್ರಿಂಗ್‌ಗಳು ಅದಕ್ಕೆ ಬೇರೆ ಬೇರೆ. ಸ್ಕೀಮ್ ಮತ್ತು ಇಮ್ಯಾಕ್ಸ್ ಲಿಸ್ಪ್‌ನ ‘ಮೆಂಬರ್’ ಒಳಗಿನ ಅಂಶಗಳನ್ನು ನೋಡಿ ಹೋಲಿಸುತ್ತದೆ. ಸ್ಕೀಮ್‌ನಿಂದ ಕಾಮನ್ ಲಿಸ್ಪ್‌ಗೆ ಬರುವಾಗ ‘ಟೆಸ್ಟ್’ ಕೀವರ್ಡ್ ಜೊತೆಗೆ ‘ಈಕ್ವಲ್’ ಸೇರಿಸಲೇಬೇಕು. ಕಾಮನ್ ಲಿಸ್ಪ್‌ನಿಂದ ಸ್ಕೀಮ್‌ಗೆ ಹೋಗುವಾಗ ‘ಟೆಸ್ಟ್’ ಇಲ್ಲದ ‘ಮೆಂಬರ್’ ಬದಲು ‘ಮೆಮ್‌ವಿ’ ಬರೆಯಬೇಕು. ಹೆಸರು ಹೊಂದಿಕೆಯಾಗುವುದರಿಂದ ಎಐ ಸಾಲನ್ನು ಹಾಗೇ ದಾಟಿಸುತ್ತದೆ. ಜೋಡಿಗಳ ಪಟ್ಟಿಯಲ್ಲಿ ಕೀಲಿ ಹುಡುಕುವ ‘ಅಸೋಕ್’ ಕಥೆಯೂ ಇದೇ, ಕ್ಲೋಜರ್‌ನಲ್ಲಿ ಮಾತ್ರ ಅದು ಹುಡುಕುವ ಫಂಕ್ಷನ್ನೇ ಅಲ್ಲ, ಮ್ಯಾಪ್‌ಗೆ (ಕೀಲಿ-ಬೆಲೆಗಳ ಕೋಷ್ಟಕಕ್ಕೆ) ಹೊಸ ಕೀಲಿ ಸೇರಿಸುವ ಫಂಕ್ಷನ್. ಹ್ಯಾಶ್ ಕೋಷ್ಟಕದಲ್ಲೂ ಎಚ್ಚರ ಬೇಕು: ಕಾಮನ್ ಲಿಸ್ಪ್‌ನಲ್ಲಿ ಏನೂ ಹೇಳದೆ ಕಟ್ಟಿದ ಕೋಷ್ಟಕ ‘ಈಕ್ಯುಎಲ್’ ಬಳಸುತ್ತದೆ, ಸ್ಕೀಮ್‌ನಿಂದ ಬೆಳೆದ ರಾಕೆಟ್ ಭಾಷೆಯ ‘ಮೇಕ್-ಹ್ಯಾಶ್’ ಒಳಗಿನ ಅಂಶ ನೋಡುತ್ತದೆ. ರಾಕೆಟ್ ಕೋಡನ್ನು ಕಾಮನ್ ಲಿಸ್ಪ್‌ಗೆ ತಂದಾಗ ಸ್ಟ್ರಿಂಗ್ ಕೀಲಿ ಹಾಕಿದರೂ ಮತ್ತೆ ಕೇಳಿದಾಗ ಸಿಗದಿರುವುದು ಇದರಿಂದಲೇ.

ಇನ್ನೂ ಸೂಕ್ಷ್ಮದ್ದು ಒಂದಿದೆ. ಸ್ಕೀಮ್‌ನ ‘ಈಕ್ವಲ್’ ವೆಕ್ಟರ್‌ಗಳ ಒಳಗೂ ಇಳಿದು ಹೋಲಿಸುತ್ತದೆ. ಕಾಮನ್ ಲಿಸ್ಪ್‌ನ ‘ಈಕ್ವಲ್’ ಪಟ್ಟಿ ಮತ್ತು ಸ್ಟ್ರಿಂಗ್‌ಗಳ ಒಳಗೆ ಇಳಿಯುತ್ತದೆ, ಸಾಮಾನ್ಯ ವೆಕ್ಟರ್‌ಗಳ ಒಳಗೆ ಇಳಿಯುವುದಿಲ್ಲ. ಇದನ್ನು ಹೇಳಿದರೆ ಎಐ ‘ಈಕ್ವಲ್‌ಪಿ’ ಕಡೆಗೆ ಕೈ ತೋರಿಸುತ್ತದೆ. ‘ಈಕ್ವಲ್‌ಪಿ’ ವೆಕ್ಟರ್ ಒಳಗೆ ಇಳಿಯುವುದೇನೋ ಹೌದು, ಜೊತೆಗೆ ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸವನ್ನೂ ಅಳಿಸಿಬಿಡುತ್ತದೆ, 2 ಮತ್ತು 2.0 ಒಂದೇ ಎನ್ನುತ್ತದೆ. ಸ್ಕೀಮ್‌ನ ‘ಈಕ್ವಲ್’ಗೆ ಕಾಮನ್ ಲಿಸ್ಪ್‌ನಲ್ಲಿ ನೇರ ಜೋಡಿಯೇ ಇಲ್ಲ. ಹತ್ತಿಪ್ಪತ್ತು ಸಾಲಿನ ಹೋಲಿಕೆ ಫಂಕ್ಷನ್ನನ್ನು ಕೈಯಾರೆ ಬರೆದು, ಪರೀಕ್ಷಿಸಿ, ಅನುವಾದದ ಉದ್ದಕ್ಕೂ ಅದನ್ನೇ ಬಳಸಬೇಕೆಂದು ಎಐಗೆ ಕಟ್ಟಪ್ಪಣೆ ಮಾಡುವುದೇ ದಾರಿ.

ಒಳಕೊಡುವ ಕ್ರಮ ಮೂರನೆಯ ಬಲೆ. ಪಟ್ಟಿಯನ್ನು ಮಡಚಿ ಒಂದು ಬೆಲೆಗೆ ಇಳಿಸುವ ಫಂಕ್ಷನ್ ಹಲವು ಲಿಸ್ಪ್‌ಗಳಲ್ಲಿ ಇದೆ. ಕಾಮನ್ ಲಿಸ್ಪ್ ಮತ್ತು ಕ್ಲೋಜರ್‌ನ ‘ರಿಡ್ಯೂಸ್’ ಮೊದಲು ಈವರೆಗಿನ ಮೊತ್ತವನ್ನು, ಆಮೇಲೆ ಹೊಸ ಅಂಶವನ್ನು ಕೊಡುತ್ತದೆ. ಸ್ಕೀಮ್‌ನ ಎಸ್‌ಆರ್‌ಎಫ್‌ಐ-1 ಎಂಬ ಪಟ್ಟಿ ಫಂಕ್ಷನ್‌ಗಳ ಸಂಗ್ರಹದ ‘ಫೋಲ್ಡ್’ ಇದನ್ನು ತಿರುಗಿಸಿ ಕೊಡುತ್ತದೆ. ಕೂಡುವಾಗ ವ್ಯತ್ಯಾಸ ಕಾಣದು. ಕಳೆಯುವಾಗ ನೋಡಿ: 1, 2, 3, 4 ಎಂಬ ಪಟ್ಟಿಯನ್ನು 0ಯಿಂದ ಶುರುಮಾಡಿ ಕಳೆದರೆ ‘ರಿಡ್ಯೂಸ್’ ಕೊಡುವುದು -10, ‘ಫೋಲ್ಡ್’ ಕೊಡುವುದು 2. ಪರೀಕ್ಷೆಗೆ ಬರೀ ಕೂಡುವ ಲೆಕ್ಕ ಇಟ್ಟವರಿಗೆ ಎರಡೂ ಸರಿ ಅನ್ನಿಸುತ್ತದೆ. ‘ರಿಮೂವ್’ ಕಾಮನ್ ಲಿಸ್ಪ್‌ನಲ್ಲಿ ತೆಗೆಯಬೇಕಾದ ವಸ್ತುವನ್ನು ಕೇಳುತ್ತದೆ, ಕ್ಲೋಜರ್‌ನಲ್ಲಿ ಷರತ್ತಿನ ಫಂಕ್ಷನ್ ಕೇಳುತ್ತದೆ. ‘ಎನ್‌ತ್’ಗೆ ಒಂದರಲ್ಲಿ ಸಂಖ್ಯೆ ಮೊದಲು, ಇನ್ನೊಂದರಲ್ಲಿ ಪಟ್ಟಿ ಮೊದಲು. ‘ಡೂ’ ಕಾಮನ್ ಲಿಸ್ಪ್ ಮತ್ತು ಸ್ಕೀಮ್‌ನಲ್ಲಿ ಸುತ್ತು, ಕ್ಲೋಜರ್‌ನಲ್ಲಿ ಸುಮ್ಮನೆ ಒಂದರ ಹಿಂದೊಂದು ಕೆಲಸ.

‘ಸಾರ್ಟ್’ ಬಗ್ಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ರಾಕೆಟ್ ಮತ್ತು ಕ್ಲೋಜರ್‌ನಲ್ಲಿ ಪಟ್ಟಿಯನ್ನು ವಿಂಗಡಿಸಿದರೆ ಹೊಸ ಪಟ್ಟಿ ಸಿಗುತ್ತದೆ, ಹಳೆಯದು ಹಾಗೇ ಇರುತ್ತದೆ, ಸಮನಾದ ಅಂಶಗಳ ಮೂಲ ಕ್ರಮವೂ ಉಳಿಯುತ್ತದೆ. ಕಾಮನ್ ಲಿಸ್ಪ್‌ನ ‘ಸಾರ್ಟ್’ಗೆ ಮೂಲ ಪಟ್ಟಿಯನ್ನೇ ಕೆಡಿಸಿ ಜೋಡಿಸುವ ಹಕ್ಕಿದೆ, ಸಮನಾದವುಗಳ ಕ್ರಮಕ್ಕೆ ಖಾತರಿಯಿಲ್ಲ. ಅಲ್ಲಿಗೆ ತರುವಾಗ ಪಟ್ಟಿಯ ನಕಲು ಮಾಡಿ, ಆ ನಕಲಿನ ಮೇಲೆ ‘ಸ್ಟೇಬಲ್-ಸಾರ್ಟ್’ ನಡೆಸಬೇಕು. ಇಲ್ಲದಿದ್ದರೆ ಹಳೆಯ ಹೆಸರು ಪಟ್ಟಿಯ ನಡುವಿನ ಯಾವುದೋ ತುಣುಕನ್ನು ಹಿಡಿದುಕೊಂಡಿರುತ್ತದೆ, ಮುಂದೆ ಅದನ್ನು ಬಳಸುವ ಸಾಲಿನಲ್ಲಿ ಅಂಶಗಳು ಮಾಯವಾಗಿರುತ್ತವೆ.

ಸಂಖ್ಯೆಗಳಿಗೆ ಬಂದರೆ, 7ನ್ನು 2ರಿಂದ ಭಾಗಿಸಿ ಎಂದರೆ ಕಾಮನ್ ಲಿಸ್ಪ್ ಮತ್ತು ಕ್ಲೋಜರ್ 7/2 ಎಂಬ ಭಿನ್ನರಾಶಿಯನ್ನೇ ಇಟ್ಟುಕೊಳ್ಳುತ್ತವೆ. ಇಮ್ಯಾಕ್ಸ್ ಲಿಸ್ಪ್ 3 ಎಂದು ಹೇಳಿ ಉಳಿದದ್ದನ್ನು ಬಿಸಾಡುತ್ತದೆ. 20ರ ಫ್ಯಾಕ್ಟೋರಿಯಲ್ 64 ಬಿಟ್ ಪೂರ್ಣಾಂಕದಲ್ಲಿ ಹಿಡಿಸುತ್ತದೆ, 21ರದ್ದು ಹಿಡಿಸುವುದಿಲ್ಲ. ಕಾಮನ್ ಲಿಸ್ಪ್ ಅದನ್ನು ತಾನಾಗಿ ದೊಡ್ಡ ಸಂಖ್ಯೆಯಾಗಿಸಿ ಮುಂದೆ ಸಾಗಿದರೆ ಕ್ಲೋಜರ್‌ನ ಸಾಮಾನ್ಯ ಗುಣಾಕಾರ ಅಲ್ಲಿ ದೋಷ ಎಸೆಯುತ್ತದೆ. ಗುಣಾಕಾರ ಚಿಹ್ನೆಯ ಪಕ್ಕ ಒಂದು ಉದ್ಧರಣ ಗುರುತು ಸೇರಿಸಿದ ರೂಪ ಬಳಸಿದರೆ ಮಾತ್ರ ದೊಡ್ಡ ಸಂಖ್ಯೆಗೆ ಏರುತ್ತದೆ. 2.5ನ್ನು ‘ರೌಂಡ್’ ಮಾಡಿದರೆ ಕಾಮನ್ ಲಿಸ್ಪ್ ಹತ್ತಿರದ ಸಮಸಂಖ್ಯೆಗೆ ಹೋಗಿ 2 ಕೊಡುತ್ತದೆ, ಕ್ಲೋಜರ್‌ನಿಂದ ಜಾವಾದ ‘ಮ್ಯಾಥ್ ರೌಂಡ್’ ಕರೆದರೆ 3. ಹಣದ ಲೆಕ್ಕ ಮಾಡುವ ಕೋಡಿನಲ್ಲಿ ಈ ಒಂದಂಕಿ ಎಷ್ಟು ದೂರ ಹೋಗುತ್ತದೆ ಎಂದು ಊಹಿಸಬಹುದು.

ಕ್ಲೋಜರ್‌ನ ಸೋಮಾರಿ ಪಟ್ಟಿಗಳು ಬೇರೆಯದೇ ಲೋಕ. ಪಟ್ಟಿಯ ಪ್ರತಿ ಅಂಶಕ್ಕೂ ಒಂದು ಕೆಲಸ ಮಾಡಿಸುವ ಅಲ್ಲಿನ ‘ಮ್ಯಾಪ್’ ಫಂಕ್ಷನ್ ಯಾರಾದರೂ ಫಲಿತಾಂಶ ಕೇಳುವವರೆಗೆ ಕೆಲಸ ಮಾಡುವುದಿಲ್ಲ. ಕಾಮನ್ ಲಿಸ್ಪ್‌ನಲ್ಲಿ ಪ್ರತಿ ಅಂಶವನ್ನೂ ಫೈಲಿಗೆ ಬರೆಯುವ ‘ಮ್ಯಾಪ್‌ಕಾರ್’ ಇದ್ದರೆ, ಅದು ‘ಮ್ಯಾಪ್’ ಆಗಿ ಬದಲಾದ ಕೂಡಲೇ ಫೈಲು ಖಾಲಿ ಉಳಿಯಬಹುದು. ‘ಡೂಸೀಕ್’ ಅಥವಾ ‘ಮ್ಯಾಪ್‌ವಿ’ ಬೇಕು. ಇದು ವಿಶೇಷ ಚರಗಳ ಜೊತೆ ಸೇರಿದಾಗ ಇನ್ನೂ ಕಷ್ಟ: ‘ಬೈಂಡಿಂಗ್’ ಒಳಗೆ ಚರಕ್ಕೆ ಹೊಸ ಬೆಲೆ ಕೊಟ್ಟು ‘ಮ್ಯಾಪ್’ ಹಿಂತಿರುಗಿಸಿದರೆ, ನಿಜವಾದ ಲೆಕ್ಕ ನಡೆಯುವುದು ‘ಬೈಂಡಿಂಗ್’ ಮುಗಿದ ಮೇಲೆ, ಆಗ ಚರದಲ್ಲಿ ಹಳೆಯ ಬೆಲೆ. ಆರ್‌ಇಪಿಎಲ್‌ನಲ್ಲಿ (ಸಾಲು ಟೈಪಿಸಿದೊಡನೆ ಓಡಿಸಿ ಉತ್ತರ ತೋರಿಸುವ ಕಿಟಕಿಯಲ್ಲಿ) ಸರಿಯಿತ್ತು, ಸರ್ವರಿನಲ್ಲಿ ಕೆಟ್ಟಿತು ಎಂಬ ದೂರು ಬಂದರೆ ಮೊದಲು ನೋಡಬೇಕಾದ ಜಾಗಗಳಲ್ಲಿ ‘ಮ್ಯಾಪ್’ನ ಈ ಸೋಮಾರಿತನವೂ ಒಂದು. ಆರ್‌ಇಪಿಎಲ್ ಫಲಿತಾಂಶ ಮುದ್ರಿಸುವುದರಿಂದ ಪಟ್ಟಿ ಅಲ್ಲಿ ತಾನಾಗಿ ಲೆಕ್ಕವಾಗಿರುತ್ತದೆ.

ಹೆಸರುಗಳ ಕೋಣೆಯ ವಿಚಾರವೂ ಇದೆ. ಕಾಮನ್ ಲಿಸ್ಪ್ ಮತ್ತು ಇಮ್ಯಾಕ್ಸ್ ಲಿಸ್ಪ್‌ನಲ್ಲಿ ಫಂಕ್ಷನ್‌ಗಳಿಗೊಂದು ಕೋಣೆ, ಚರಗಳಿಗೊಂದು ಕೋಣೆ. ಹಾಗಾಗಿ ‘ಲಿಸ್ಟ್’ ಎಂಬ ಹೆಸರಿನ ಚರ ಇಟ್ಟುಕೊಂಡು, ಅದೇ ಸಾಲಿನಲ್ಲಿ ‘ಲಿಸ್ಟ್’ ಫಂಕ್ಷನ್ ಕರೆಯಬಹುದು. ಹಳೆಯ ಕೋಡಿನಲ್ಲಿ ಇದು ಮಾಮೂಲು. ಸ್ಕೀಮ್ ಮತ್ತು ಕ್ಲೋಜರ್‌ನಲ್ಲಿ ಕೋಣೆ ಒಂದೇ, ಚರ ಫಂಕ್ಷನ್ನನ್ನು ಮರೆಮಾಡುತ್ತದೆ. ಸ್ಕೀಮ್ ಕೂಡಲೇ ದೂರುತ್ತದೆ. ಕ್ಲೋಜರ್‌ನಲ್ಲಿ ಕೋಷ್ಟಕ ರೂಪದ ಮ್ಯಾಪ್, ಸೆಟ್, ಕೀವರ್ಡ್‌ಗಳೂ ಫಂಕ್ಷನ್‌ನಂತೆ ಕರೆಗೆ ಓಗೊಡುವುದರಿಂದ ಕೆಲವೊಮ್ಮೆ ದೂರು ಬರದೆ ತಪ್ಪು ಬೆಲೆ ಬರುತ್ತದೆ. ಅನುವಾದಕ್ಕೆ ಮುಂಚೆಯೇ ಇಂಥ ಚರಗಳ ಹೆಸರನ್ನು ಮೂಲ ಭಾಷೆಯಲ್ಲೇ ಬದಲಿಸಿ, ಹಳೆಯ ಪರೀಕ್ಷೆಗಳನ್ನು ಓಡಿಸಿ, ಆಮೇಲೆ ಮುಂದುವರಿಯುವುದು ಒಳ್ಳೆಯದು.

ಮ್ಯಾಕ್ರೋಗಳನ್ನು, ಅಂದರೆ ಕೋಡು ಬರೆಯುವ ಕೋಡನ್ನು, ಎಐಗೆ ಬಿಡಲೇಬಾರದು ಎನ್ನುವಷ್ಟು ದೂರ ನಾವು ಹೋಗುವುದಿಲ್ಲ. ಆದರೆ ಅವುಗಳನ್ನು ಒಬ್ಬ ಅನುಭವಿ ಒಂದೊಂದಾಗಿ ಓದಲೇಬೇಕು. ಕಾಮನ್ ಲಿಸ್ಪ್‌ನ ಮ್ಯಾಕ್ರೋ ಬಳಸುವವರ ಕೋಡಿನೊಳಗೆ ‘ಇಟ್’ ಎಂಬಂಥ ಹೆಸರನ್ನು ಬೇಕೆಂದೇ ತೂರಿಸಬಲ್ಲದು. ಸ್ಕೀಮ್‌ನ ‘ಸಿಂಟ್ಯಾಕ್ಸ್-ರೂಲ್ಸ್’ ಅಂಥ ಹೆಸರನ್ನು ತನ್ನೊಳಗೇ ಮುಚ್ಚಿಟ್ಟುಕೊಳ್ಳುತ್ತದೆ, ಹೊರಗಿನ ‘ಇಟ್’ಗೆ ಅದು ಸಿಗುವುದೇ ಇಲ್ಲ. ಕ್ಲೋಜರ್‌ನಲ್ಲಿ ಅಲ್ಪವಿರಾಮ ಬರೀ ಖಾಲಿ ಜಾಗ! ಕಾಮನ್ ಲಿಸ್ಪ್‌ನ ಮ್ಯಾಕ್ರೋ ಅಚ್ಚಿನಲ್ಲಿ ಬೆಲೆ ತುಂಬುವ ಗುರುತೇ ಅಲ್ಪವಿರಾಮ. ಎಐ ಒಂದು ಕಡೆ ಅದನ್ನು ಟಿಲ್ಡೆಗೆ ಬದಲಿಸಲು ಮರೆತರೆ, ಆ ಜಾಗದಲ್ಲಿ ಬೆಲೆಯ ಬದಲು ಬರೀ ಹೆಸರು ಬರುತ್ತದೆ. ಆ ಹೆಸರಿನ ಜಾಗತಿಕ ಚರ ಇಲ್ಲದಿದ್ದರೆ ಕಂಪೈಲರ್ ಹಿಡಿಯುತ್ತದೆ, ಇದ್ದರೆ ಹಿಡಿಯುವುದಿಲ್ಲ.

ದೋಷ ನಿರ್ವಹಣೆಯಲ್ಲಿ ಕಳೆದುಹೋಗುವುದು ಬರೀ ಹೆಸರಲ್ಲ, ಸಾಮರ್ಥ್ಯ. ಕಾಮನ್ ಲಿಸ್ಪ್‌ನ ‘ಹ್ಯಾಂಡ್ಲರ್-ಬೈಂಡ್’ ದೋಷ ಹುಟ್ಟಿದ ಜಾಗದಲ್ಲೇ, ಸ್ಟ್ಯಾಕ್ ಬಿಚ್ಚದೆ, ಏನು ಮಾಡಬೇಕೆಂದು ತೀರ್ಮಾನಿಸಿ ಕೆಲಸವನ್ನು ಅಲ್ಲಿಂದಲೇ ಮುಂದುವರಿಸಬಲ್ಲದು. ಎಐ ಇದನ್ನು ಕ್ಲೋಜರ್‌ನ ‘ಟ್ರೈ-ಕ್ಯಾಚ್’ ಮಾಡಿಕೊಡುತ್ತದೆ. ಹತ್ತು ಸಾವಿರ ದಾಖಲೆಗಳಲ್ಲಿ ಒಂದು ಕೆಟ್ಟಿದ್ದರೆ ಅದೊಂದನ್ನು ಬಿಟ್ಟು ಮುಂದೆ ಹೋಗುತ್ತಿದ್ದ ಕಾರ್ಯಕ್ರಮ ಈಗ ಇಡೀ ಓಟವನ್ನು ನಿಲ್ಲಿಸುತ್ತದೆ. ಅತ್ತ ಕಾರ್ಯಕ್ರಮದ ಒಂದು ಕ್ಷಣವನ್ನು ಹಿಡಿದಿಟ್ಟು ಆಮೇಲೆ ಅಲ್ಲಿಗೆ ಜಿಗಿಯಲು ಬಿಡುವ ಸ್ಕೀಮ್‌ನ ‘ಕಾಲ್-ಸಿಸಿ’ ಬರೀ ಹೊರಗೆ ಜಿಗಿಯಲು ಬಳಕೆಯಾಗಿದ್ದರೆ ಕಾಮನ್ ಲಿಸ್ಪ್‌ನಲ್ಲಿ ‘ಬ್ಲಾಕ್’ ಮತ್ತು ‘ರಿಟರ್ನ್-ಫ್ರಮ್’ ಸಾಕು. ಮತ್ತೆ ಮತ್ತೆ ಒಳಗೆ ಮರಳಲು ಬಳಸಿದ್ದರೆ ನೇರ ಅನುವಾದವೇ ಇಲ್ಲ, ವಿನ್ಯಾಸವನ್ನೇ ಬದಲಿಸಬೇಕು. ಬಾಲ ಪುನರಾವರ್ತನೆಯೂ (ಫಂಕ್ಷನ್ ತನ್ನ ಕೊನೆಯ ಕೆಲಸವಾಗಿ ತನ್ನನ್ನೇ ಕರೆಯುವುದು) ಹಾಗೇ: ಸ್ಕೀಮ್ ಮಾನಕ ಅದಕ್ಕೆ ಸ್ಟ್ಯಾಕ್ ಖರ್ಚಾಗಬಾರದು ಎನ್ನುತ್ತದೆ, ಕಾಮನ್ ಲಿಸ್ಪ್ ಮಾನಕ ಆ ಭರವಸೆ ಕೊಡುವುದಿಲ್ಲ, ಕ್ಲೋಜರ್‌ನಲ್ಲಿ ‘ರಿಕರ್’ ಎಂದು ಬಾಯಿಬಿಟ್ಟು ಹೇಳಬೇಕು. ಹತ್ತು ಅಂಶಗಳ ಪಟ್ಟಿಯಲ್ಲಿ ಇದು ತಿಳಿಯುವುದಿಲ್ಲ, ಒಂದು ಲಕ್ಷ ಅಂಶಗಳ ಪಟ್ಟಿ ಕೊಟ್ಟು ನೋಡಬೇಕು.

ಸಾಮಗ್ರಿಗಳನ್ನು ಲೆಕ್ಕ ಹಾಕುವ ಕ್ರಮ ಕಾಮನ್ ಲಿಸ್ಪ್‌ನಲ್ಲಿ ಎಡದಿಂದ ಬಲಕ್ಕೆ ಎಂದು ನಿಗದಿಯಾಗಿದೆ. ಸ್ಕೀಮ್ ಮಾನಕ ಅದನ್ನು ನಿಗದಿ ಮಾಡಿಲ್ಲ. ಎಂಐಟಿ ಸ್ಕೀಮ್‌ನ ಇಂಟರ್‌ಪ್ರೆಟರ್ ಬಲದಿಂದ ಎಡಕ್ಕೆ ಹೋಗುತ್ತದೆ. ಒಂದೇ ಕರೆಯಲ್ಲಿ ಫೈಲಿನಿಂದ ಎರಡು ಸಾಲು ಓದುವ ಕೋಡಿದ್ದರೆ ಮೊದಲನೆಯದು ಎರಡನೆಯದಾಗುತ್ತದೆ. ‘ಲೆಟ್’ ಬದಲು ‘ಲೆಟ್-ಸ್ಟಾರ್’ ಬಳಸಿ ಕ್ರಮವನ್ನು ಬಿಡಿಸಿ ಬರೆಯಬೇಕು.

ಇನ್ನು ಎಐನದ್ದೇ ಆದ ತಪ್ಪುಗಳು. ಪೈಥಾನ್, ಜಾವಾಸ್ಕ್ರಿಪ್ಟ್‌ಗಳಿಗೆ ಹೋಲಿಸಿದರೆ ಲಿಸ್ಪ್ ಕೋಡು ಸಾರ್ವಜನಿಕವಾಗಿ ಸಿಗುವುದು ಕಡಿಮೆ, ಅದರಲ್ಲೂ ಒಂದೊಂದು ಉಪಭಾಷೆಯ ಪಾಲು ಇನ್ನೂ ಕಡಿಮೆ. ಹಾಗಾಗಿ ಮಾದರಿ ಭಾಷೆಗಳನ್ನು ಬೆರೆಸುತ್ತದೆ: ಸ್ಕೀಮ್ ನಡುವೆ ‘ಸೆಟ್‌ಕ್ಯೂ’, ಕಾಮನ್ ಲಿಸ್ಪ್ ನಡುವೆ ‘ಡಿಫೈನ್’, ಮಾನಕದಲ್ಲಿ ಇಲ್ಲದ ‘ಸ್ಟ್ರಿಂಗ್-ಜಾಯಿನ್’. ಕಾಮನ್ ಲಿಸ್ಪ್‌ನ ಕಂಪೈಲರ್ ಆದ ಎಸ್‌ಬಿಸಿಎಲ್‌ನಲ್ಲಿ ಇಲ್ಲದ ಫಂಕ್ಷನ್ ಕರೆದರೆ ಬರುವುದು ಶೈಲಿ ಎಚ್ಚರಿಕೆ ಮಾತ್ರ, ಕಂಪೈಲ್ ‘ಸೋತಿತು’ ಎಂದು ದಾಖಲಾಗುವುದಿಲ್ಲ. ಹಾಗಾಗಿ ಕಂಪೈಲ್ ದಾಟಿತು ಎಂದು ನಂಬದೆ ಎಚ್ಚರಿಕೆಗಳ ಪಠ್ಯವನ್ನೇ ಓದಬೇಕು, ಅಲ್ಲಿ ಉಳಿದಿರುವ ಪ್ರತಿ ಅಪರಿಚಿತ ಹೆಸರನ್ನೂ ತೀರಿಸಬೇಕು.

ಆವರಣಗಳ ಎಣಿಕೆ ಇನ್ನೊಂದು. ಮಾದರಿಗಳು ಅಕ್ಷರ ಅಕ್ಷರವಾಗಿ ಓದುವುದಿಲ್ಲ, ತುಣುಕುಗಳಾಗಿ ಓದುತ್ತವೆ. ಸಾಲಾಗಿ ಮುಚ್ಚುವ ಐದಾರು ಆವರಣಗಳು ಒಂದೇ ತುಣುಕಾಗಬಹುದು, ಎಣಿಕೆ ತಪ್ಪುವುದು ಅಲ್ಲಿ. ಒಂದು ಹೆಚ್ಚು ಕಡಿಮೆಯಾದರೆ ಲಿಸ್ಪ್‌ನ ಓದುವ ಯಂತ್ರವೇ (ಕೋಡಿನ ಪಠ್ಯವನ್ನು ಪಟ್ಟಿಯಾಗಿಸುವ ಭಾಗ) ತಡೆಯುತ್ತದೆ. ಒಟ್ಟು ಸರಿಯಿದ್ದು ಜಾಗ ತಪ್ಪಿದರೆ ಕಷ್ಟ. ಕಾಮನ್ ಲಿಸ್ಪ್‌ನಲ್ಲಿ ‘ಇಫ್’ಗೆ ಮೂರಕ್ಕಿಂತ ಹೆಚ್ಚು ಭಾಗ ಕೊಟ್ಟರೆ ದೋಷ. ಇಮ್ಯಾಕ್ಸ್ ಲಿಸ್ಪ್‌ನ ‘ಇಫ್’ ಮೂರನೆಯದರ ನಂತರ ಬರುವುದನ್ನೆಲ್ಲ ‘ಇಲ್ಲದಿದ್ದರೆ’ ಭಾಗಕ್ಕೆ ಸೇರಿಸಿಕೊಳ್ಳುತ್ತದೆ. ‘ಇಫ್’ ಆಚೆ ಇರಬೇಕಾದ ಸಾಲು ಒಂದು ಆವರಣದ ತಪ್ಪಿನಿಂದ ಒಳಗೆ ಸೇರಿದರೂ ಅದು ತುಟಿಪಿಟಕ್ಕೆನ್ನದು. ಎಐ ಕೊಟ್ಟ ಕೋಡನ್ನು ಎಡಿಟರಿನಿಂದ ಮತ್ತೆ ಇಂಡೆಂಟ್ ಮಾಡಿಸಿ. ಎಐ ಹಾಕಿದ್ದ ಇಂಡೆಂಟಿಗೂ ಎಡಿಟರ್ ಹಾಕಿದ್ದಕ್ಕೂ ವ್ಯತ್ಯಾಸ ಬಂದ ಸಾಲಿನ ಆಸುಪಾಸಿನಲ್ಲೇ ತಪ್ಪು ಆವರಣ ಸಿಗುವ ಸಾಧ್ಯತೆ ಹೆಚ್ಚು. ಇಮ್ಯಾಕ್ಸ್ ಲಿಸ್ಪ್ ಫೈಲಾದರೆ ಮೊದಲ ಸಾಲಿನಲ್ಲಿ ‘ಲೆಕ್ಸಿಕಲ್-ಬೈಂಡಿಂಗ್’ ಘೋಷಣೆ ಇದೆಯೇ ಎಂದೂ ನೋಡಬೇಕು. 2012ರ 24.1ನೇ ಆವೃತ್ತಿಯಿಂದ ಬಂದ ಆ ಸಾಲು ಬಿಟ್ಟುಹೋದರೆ ಒಳಫಂಕ್ಷನ್‌ಗಳು ತಮ್ಮ ಸುತ್ತಲಿನ ಚರಗಳನ್ನು ಹಿಡಿದಿಟ್ಟುಕೊಳ್ಳದೇ ಹೋಗಬಹುದು.

ಹಾಗಾದರೆ ಕೆಲಸ ಹೇಗೆ ಸಾಗಬೇಕು? ಲಿಸ್ಪ್ ಕೋಡು ತಾನೇ ಒಂದು ಪಟ್ಟಿ. ಅದನ್ನು ಓದಿ, ಬಿಡಿಸಿ, ಹೆಸರು ಬದಲಿಸಿ ಮತ್ತೆ ಬರೆಯುವ ಪುಟ್ಟ ಕಾರ್ಯಕ್ರಮ ಬರೆಯುವುದು ಬೇರೆ ಭಾಷೆಗಳಷ್ಟು ಕಷ್ಟವಲ್ಲ. ‘ಡಿಫನ್’ ಅನ್ನು ‘ಡಿಫೈನ್’ ಮಾಡುವುದು, ‘ಮೆಂಬರ್’ ಅನ್ನು ‘ಮೆಮ್‌ವಿ’ ಮಾಡುವುದು, ಹೀಗೆ ನಿಯಮವಾಗಿ ಹೇಳಬಹುದಾದ್ದನ್ನೆಲ್ಲ ಆ ಕಾರ್ಯಕ್ರಮಕ್ಕೇ ಬಿಡಿ. ಅದು ಸಾವಿರ ಸಲ ಮಾಡಿದರೂ ಒಂದೇ ಥರ ಮಾಡುತ್ತದೆ. ಓದುವ ಯಂತ್ರ ಟಿಪ್ಪಣಿಗಳನ್ನು ಉದುರಿಸುತ್ತದೆ, ಹ್ಯಾಶ್-ಪ್ಲಸ್ ಗುರುತಿನ ಷರತ್ತುಗಳಲ್ಲಿ ಬೇರೆ ವೇದಿಕೆಗೆ ಬರೆದ ಕೋಡನ್ನು ಬಿಟ್ಟುಬಿಡುತ್ತದೆ ಎಂಬುದು ನೆನಪಿರಲಿ, ಮೂಲ ಪಠ್ಯ ಪಕ್ಕದಲ್ಲೇ ಇರಬೇಕು. ಅಪರಿಚಿತ ಫೈಲನ್ನು ಓದಿಸುವಾಗ ‘ರೀಡ್-ಇವ್ಯಾಲ್’ ಮುಚ್ಚಿಡಿ, ಇಲ್ಲದಿದ್ದರೆ ಬರೀ ಓದುವಾಗಲೇ ಕೋಡು ಓಡುವ ಅವಕಾಶವಿದೆ.

ಉಳಿದದ್ದನ್ನು ಎಐಗೆ ಕೊಡುವಾಗ ಇಡೀ ಫೈಲು ಸುರಿಯಬೇಡಿ. ಒಂದು ಸಲಕ್ಕೆ ಒಂದು ಮೇಲ್ಮಟ್ಟದ ವ್ಯಾಖ್ಯೆ, ಹೆಚ್ಚೆಂದರೆ ಐವತ್ತು ಅರವತ್ತು ಸಾಲು. ಜೊತೆಗೆ ಅದು ಕರೆಯುವ ಫಂಕ್ಷನ್‌ಗಳ ಹೆಸರು, ಅವು ಕೇಳುವ ಸಾಮಗ್ರಿ, ಬಳಸಿದ ಮ್ಯಾಕ್ರೋಗಳ ಬಿಚ್ಚಿದ ರೂಪ. ಗುರಿ ಭಾಷೆಯ ಆವೃತ್ತಿಯನ್ನು ಹೆಸರಿಸಿ: ‘ಸ್ಕೀಮ್’ ಎಂದರೆ ಸಾಲದು, 2013ರ ಆರ್7ಆರ್‌ಎಸ್ ಮಾನಕವೋ, 2007ರ ಆರ್6ಆರ್‌ಎಸ್ ಮಾನಕವೋ, ರಾಕೆಟ್ಟೋ ಹೇಳಬೇಕು. ರಾಕೆಟ್‌ನ ಸಾಮಾನ್ಯ ಜೋಡಿಗಳನ್ನು ಬದಲಿಸಲು ಬರುವುದಿಲ್ಲ, ಉಳಿದ ಎರಡರಲ್ಲಿ ಬರುತ್ತದೆ. ಅಷ್ಟೇ ಸಾಕು ಒಂದು ಅನುವಾದ ಮುರಿಯಲು. ಮೇಲೆ ಹೇಳಿದ ಬಲೆಗಳನ್ನು ಒಂದು ಪುಟದ ಕೋಷ್ಟಕ ಮಾಡಿ ಪ್ರತಿ ಸಲವೂ ಜೊತೆಗಿಡಿ. ನೇರ ಜೋಡಿ ಇಲ್ಲದ ಕಡೆ ಊಹಿಸದೆ ಗುರುತು ಹಾಕಿ ನಿಲ್ಲಿಸಬೇಕೆಂದು ಕೇಳಿ. ಪಠ್ಯವನ್ನು ಜೋಡಿಸಿ ಮುದ್ರಿಸುವ ಕಾಮನ್ ಲಿಸ್ಪ್‌ನ ‘ಫಾರ್ಮ್ಯಾಟ್’ನ ಜಟಿಲ ಸಂಕೇತಗಳು ಬಂದಾಗ ಎಐ ಉದ್ದುದ್ದ ಕೋಡು ಬರೆಯಲು ಹೊರಡುತ್ತದೆ, ಕ್ಲೋಜರ್‌ನ ‘ಪಿಪ್ರಿಂಟ್’ ಸಂಗ್ರಹದಲ್ಲಿ ‘ಸಿಎಲ್-ಫಾರ್ಮ್ಯಾಟ್’ ಸಿದ್ಧವಾಗಿಯೇ ಇದೆ, ಅದನ್ನು ಮೊದಲೇ ತೋರಿಸಿಬಿಡಿ.

ಪರೀಕ್ಷೆಯ ವಿಚಾರದಲ್ಲಿ ನಾವು ಹಟ ಹಿಡಿಯುತ್ತೇವೆ. ಅನುವಾದ ಶುರುವಾಗುವ ಮುನ್ನವೇ ಹಳೆಯ ಕಾರ್ಯಕ್ರಮವನ್ನು ಓಡಿಸಿ, ಕೊಟ್ಟದ್ದು ಮತ್ತು ಬಂದದ್ದನ್ನು ಫೈಲಿನಲ್ಲಿ ಉಳಿಸಿಡಬೇಕು. ಹೊಸದನ್ನು ಅದೇ ಒಳಹರಿವಿಗೆ ಓಡಿಸಿ ಸಾಲು ಸಾಲು ಹೋಲಿಸಬೇಕು. ಹೋಲಿಸುವ ಮುನ್ನ ಕೆಲವನ್ನು ಸಮ ಮಾಡಿಕೊಳ್ಳಬೇಕಾಗುತ್ತದೆ: ಕಾಮನ್ ಲಿಸ್ಪ್ ಸಂಕೇತಗಳ ಹೆಸರನ್ನು ದೊಡ್ಡಕ್ಷರ ಮಾಡಿ ಇಟ್ಟುಕೊಳ್ಳುತ್ತದೆ, ಹ್ಯಾಶ್ ಕೋಷ್ಟಕದ ಕ್ರಮ ಪ್ರತಿ ಭಾಷೆಯಲ್ಲೂ ಬೇರೆ. ಒಳಹರಿವಿನಲ್ಲಿ ಖಾಲಿ ಪಟ್ಟಿ, ಒಳಗೆ ‘ನಿಲ್’ ಇರುವ ಪಟ್ಟಿ, ಇಲ್ಲದ ಕೀಲಿ, ಸ್ಟ್ರಿಂಗ್ ಕೀಲಿ, ಋಣ ಸಂಖ್ಯೆ, .5ರಲ್ಲಿ ಮುಗಿಯುವ ಸಂಖ್ಯೆ, 64 ಬಿಟ್ ಮೀರುವ ಸಂಖ್ಯೆ, ಒಂದು ಲಕ್ಷ ಅಂಶಗಳ ಪಟ್ಟಿ, ಕೊನೆಯ ಅಂಶದ ಮುಂಚೆ ಚುಕ್ಕಿ ಇರುವ ಜೋಡಿ ಇವೆಲ್ಲ ಇರಲೇಬೇಕು. ಅನುವಾದ ಮಾಡಿದ ಎಐನಿಂದಲೇ, ಅನುವಾದವಾದ ಕೋಡನ್ನು ತೋರಿಸಿ ಪರೀಕ್ಷೆ ಬರೆಸಬೇಡಿ. ಅದು ಕೋಡು ಏನು ಮಾಡುತ್ತದೋ ಅದನ್ನೇ ಸರಿ ಎಂದು ಬರೆಯುತ್ತದೆ. ಖಾಲಿ ಪಟ್ಟಿಯ ಉದ್ದ 1 ಎಂದು ಬರೆದ ಪರೀಕ್ಷೆಯೂ ಹಸಿರು ಬಣ್ಣದಲ್ಲೇ ದಾಟುತ್ತದೆ. ಪರೀಕ್ಷೆಯ ಫೈಲುಗಳಿಗೆ ಬರೆಯುವ ಅನುಮತಿಯನ್ನೂ ಎಐಗೆ ಕೊಡದಿರುವುದು ವಾಸಿ.

ಎಐ ಬೇಡ ಎನ್ನಲು ಈ ಪತ್ರ ಬರೆಯುತ್ತಿಲ್ಲ. ಬೇಸರದ ನೂರಾರು ಫಂಕ್ಷನ್‌ಗಳನ್ನು ಅದು ಚೆನ್ನಾಗಿಯೇ ದಾಟಿಸುತ್ತದೆ, ಹಳೆಯ ಕೋಡು ಏನು ಮಾಡುತ್ತಿದೆ ಎಂದು ವಿವರಿಸುವುದರಲ್ಲಿ ದೊಡ್ಡ ನೆರವಾಗುತ್ತದೆ. ಇಂಥ ಕೆಲಸ ಮಾಡಿಸುವ ಸಂಸ್ಥೆಗಳಲ್ಲಿ ನಮ್ಮ ವಿನಂತಿ ಬೇರೆ. ಎಷ್ಟು ಸಾಲು ಎಷ್ಟು ದಿನದಲ್ಲಿ ಮುಗಿಯಿತು ಎಂಬ ಲೆಕ್ಕಕ್ಕೆ ಹಣ ಕೊಡಬೇಡಿ. ಕೋಡಿನ ಜೊತೆ ಮೂರು ಫೈಲು ಕೇಳಿ ಪಡೆಯಿರಿ: ಹಳೆಯದು ಮತ್ತು ಹೊಸದರ ಫಲಿತಾಂಶಗಳ ಹೋಲಿಕೆ, ನೇರ ಜೋಡಿ ಇಲ್ಲವೆಂದು ಎಐ ಅಥವಾ ಮನುಷ್ಯರು ಗುರುತು ಹಾಕಿದ ಜಾಗಗಳು, ಆ ಒಂದೊಂದು ಜಾಗದಲ್ಲೂ ಯಾರು ಏನು ತೀರ್ಮಾನಿಸಿದರು ಎಂಬ ಟಿಪ್ಪಣಿ. ಮೂಲ ಕೋಡಿನ ಪರವಾನಗಿ ಅನುವಾದಕ್ಕೂ ಅಂಟಿಕೊಂಡೇ ಬರುತ್ತದೆ ಎಂಬುದನ್ನೂ ಒಪ್ಪಂದದಲ್ಲಿ ಬರೆಸಿ. ಎರಡನೆಯ ಫೈಲು ಖಾಲಿಯಿದ್ದರೆ, ಕೋಡು ಎಷ್ಟೇ ಚಿಕ್ಕದಿರಲಿ, ಯಾರೂ ಸರಿಯಾಗಿ ನೋಡಿಲ್ಲ ಎಂದೇ ತಿಳಿದು ವಾಪಸು ಕಳಿಸಿ.

ಇತಿ,
ಲಿಸ್ಪ್ ಭಾಷೆಗಳಲ್ಲಿ ಕೆಲಸ ಮಾಡುವ ನಿಮ್ಮ ಕೆಲವು ಓದುಗರು